ಸೋರುವ ನಲ್ಲಿಯೂ ಪ್ರಮಾದಚರ್ಯೆಯೂ

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಆರನೆಯದು ಉತ್ತಮ ಸಂಯಮ. ಇಂದ್ರಿಯ ಸಂಯಮ, ಪ್ರಾಣಿ ಸಂಯಮ ಎಂದು ಅದು ಎರಡು ಬಗೆಯಾಗಿರುವುದನ್ನು ಶ್ರಾವಕ ಶ್ರಾವಕಿಯರೆಲ್ಲರೂ ಬಲ್ಲರು. ಐದು ಇಂದ್ರಿಯಗಳನ್ನೂ ಮನಸ್ಸನ್ನೂ ವಿಷಯಗಳ ಕಡೆಗೆ ಹರಿಯಗೊಡದಿರುವುದು ಮೊದಲನೆಯದು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ, ತ್ರಸಕಾಯ ಎಂಬ ಆರು ಬಗೆಯ ಜೀವರಾಶಿಯನ್ನು ಕಾಪಾಡುವುದು ಎರಡನೆಯದು. ಆ ಪರ್ವಕಾಲದಲ್ಲಿ ಉಪವಾಸಿಗಳು, ಏಕಾಶನದವರು, ರಸತ್ಯಾಗದವರು ಊರೂರಿನ ಬಸದಿಗಳಲ್ಲಿ ಕಾಣಸಿಗುತ್ತಾರೆ. ನಾಲಗೆಯನ್ನು ಗೆಲ್ಲುವ ಅಭ್ಯಾಸವು ಜೈನ ಸಮಾಜದಲ್ಲಿ ಇನ್ನೂ ಬತ್ತಿ ಹೋಗಿಲ್ಲವೆಂಬುದು ಸಂತೋಷದ ಸಂಗತಿ.

ಆದರೆ ಆರು ಕಾಯಗಳಲ್ಲಿ ಎರಡನೆಯದಾದ ಅಪ್ಕಾಯದ ವಿಷಯದಲ್ಲಿ ವ್ರತಿಗಳ ಮನೆಗಳಲ್ಲಿಯೂ ಒಂದು ಕೊರತೆ ಉಳಿದುಬಂದಿದೆ. ಒಂದು ಗುಟುಕು ನೀರನ್ನೂ ಮುಟ್ಟದೆ ಉಪವಾಸ ಕೈಗೊಂಡ ತಾಯಿಯ ಮನೆಯಲ್ಲಿಯೇ ಬಚ್ಚಲಿನ ನಲ್ಲಿಯು ಹಗಲಿರುಳೂ ತೊಟ್ಟಿಕ್ಕುತ್ತಿರುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ ಹೊರಚೆಲ್ಲುತ್ತಿರುತ್ತದೆ. ಮನೆಯವರ ಬಾಯಿ ಕಟ್ಟಿದೆ, ನಲ್ಲಿಯ ಬಾಯಿ ಕಟ್ಟಿಲ್ಲ. ಇದು ನಲ್ಲಿ ರಿಪೇರಿಯವನಿಗೆ ಮಾತ್ರ ಸಂಬಂಧಿಸಿದ ಮಾತೆಂದು ತಳ್ಳಿಹಾಕುವಂತಿಲ್ಲ. ವ್ರತದ ಶುದ್ಧಿಗೂ ಅಶುದ್ಧಿಗೂ ಸಂಬಂಧಿಸಿದ ಮಾತು ಇದಾಗಿದೆ.

ಆಗಮದ ಅಭಿಪ್ರಾಯ

ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡ ವಿರತಿಯನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ನಿರೂಪಿಸಿದ್ದಾರೆ. ಪ್ರಯೋಜನವಿಲ್ಲದೆ ಉಂಟಾಗುವ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅದರಲ್ಲಿ ಐದು ಭೇದಗಳು. ಇವುಗಳಲ್ಲಿ ಕೊನೆಯದಾದ ಪ್ರಮಾದಚರ್ಯೆಯ ಲಕ್ಷಣವನ್ನು ಹೇಳುವಾಗ, ನಿಷ್ಪ್ರಯೋಜಕವಾಗಿ ಭೂಮಿಯನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಬೀಸುವುದು, ಗಿಡಮರಗಳನ್ನು ಕತ್ತರಿಸುವುದು, ಸುಮ್ಮನೆ ತಿರುಗುವುದು, ಇತರರನ್ನು ತಿರುಗಿಸುವುದು ಇವೆಲ್ಲವನ್ನೂ ಆಚಾರ್ಯರು ಒಂದೇ ಸಾಲಿನಲ್ಲಿ ಇರಿಸಿದ್ದಾರೆ. ನೀರನ್ನು ವ್ಯರ್ಥವಾಗಿ ಹರಿಯಬಿಡುವುದು ದೋಷವೆಂದು ಇಂದಿನ ಕಾಲದವರು ಹೊಸದಾಗಿ ಕಂಡುಹಿಡಿದದ್ದಲ್ಲ. ಶ್ರಾವಕನ ಆಚಾರಸಂಹಿತೆಯಲ್ಲಿ ಅದು ಶತಮಾನಗಳ ಹಿಂದೆಯೇ ದೋಷವೆಂದು ಎಣಿಕೆಗೆ ಬಂದಿದೆ.

ಗೃಹಸ್ಥನು ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ಬಿಡಲಾರನಲ್ಲವೆ, ಸ್ನಾನಕ್ಕೂ ಅಡಿಗೆಗೂ ನೀರು ಬೇಕಲ್ಲವೆ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದಕ್ಕೆ ಸಮಾಧಾನ ಹೇಳಿದ್ದಾರೆ. ಯೋಗ್ಯವಾದ ಬಳಕೆಗಾಗಿ ಅಲ್ಪ ಪ್ರಮಾಣದ ಏಕೇಂದ್ರಿಯ ಘಾತವು ಗೃಹಸ್ಥನಿಗೆ ತಪ್ಪದು. ಆದರೆ ಅದನ್ನು ಬಿಟ್ಟು ಉಳಿದ ಸ್ಥಾವರ ಹಿಂಸೆಯಿಂದ ಅವನು ವಿರತನಾಗಲೇಬೇಕು ಎಂಬುದು ಅವರ ಅಭಿಪ್ರಾಯ. ಹೀಗಿರುವಾಗ ಬಿಂದಿಗೆಗೆ ಬಿದ್ದ ನೀರು ಬಳಕೆಯ ಲೆಕ್ಕಕ್ಕೆ ಸೇರಿತು. ಬಿಂದಿಗೆಯ ಪಕ್ಕದಲ್ಲಿ ಸೋರಿಹೋದ ನೀರು ಯಾವ ಲೆಕ್ಕಕ್ಕೆ ಸೇರೀತು? ಅದರಿಂದ ಯಾರ ದಾಹವೂ ತಣಿಯಲಿಲ್ಲ, ಯಾರ ಮೈಯೂ ಶುದ್ಧವಾಗಲಿಲ್ಲ. ಭೋಗವೂ ಆಗದೆ ತ್ಯಾಗವೂ ಆಗದೆ ಹೋದ ದ್ರವ್ಯ ಅದು.

ಸೋರಿಕೆಯ ದೋಷವು ಅಪ್ಕಾಯದಲ್ಲಿಯೇ ನಿಲ್ಲುವುದೂ ಇಲ್ಲ. ನಿರಂತರವಾಗಿ ತೇವಗೊಂಡ ಮೂಲೆಯಲ್ಲಿ ಮೊದಲು ಪಾಚಿ ಕಟ್ಟುತ್ತದೆ. ಅನಂತರ ಎರೆಹುಳುಗಳು, ಇರುವೆಗಳು, ಸೊಳ್ಳೆಗಳು ಒಂದರ ಹಿಂದೊಂದು ಬಂದು ಸೇರುತ್ತವೆ. ಅಂದರೆ ಏಕೇಂದ್ರಿಯದಿಂದ ಮೊದಲಾಗಿ ಎರಡು, ಮೂರು, ನಾಲ್ಕು ಇಂದ್ರಿಯಗಳ ಜೀವಗಳವರೆಗೆ ಒಂದು ಒಕ್ಕಲು ಅಲ್ಲಿ ನೆಲೆಯಾಗುತ್ತದೆ. ಕೆಲವು ದಿನಗಳ ಮೇಲೆ ಮನೆಯವರು ಜಾರುವ ನೆಲವನ್ನು ಕಂಡು ಬೇಸರಗೊಂಡು ಬ್ಲೀಚಿಂಗ್ ಪುಡಿಯನ್ನೋ ಫಿನಾಯಿಲನ್ನೋ ಸುರಿಯುತ್ತಾರೆ. ಐದು ರೂಪಾಯಿಯೋ ಹತ್ತು ರೂಪಾಯಿಯೋ ಬೆಲೆಯ ಒಂದು ವಾಷರನ್ನು ಬದಲಾಯಿಸಲು ತೋರಿದ ಆಲಸ್ಯವು ಕೊನೆಗೆ ತ್ರಸಜೀವಗಳ ಘಾತದಲ್ಲಿ ಮುಗಿಯುತ್ತದೆ. ಸಂಕಲ್ಪವಿಲ್ಲದೆ ನಡೆದದ್ದೆಂದು ಹೇಳಿಕೊಂಡರೂ, ಮೊದಲೇ ಕಂಡಿದ್ದ ಕಾರಣವನ್ನು ಕಡೆಗಣಿಸಿದ್ದಂತೂ ನಿಜವಷ್ಟೆ.

ಸೋಸುವ ಬಟ್ಟೆ ಬದಲಾದ ಕಾಲ

ನೀರನ್ನು ಸೋಸಿಯೇ ಬಳಸುವುದು ಜೈನ ಗೃಹಸ್ಥನ ಗುರುತು. ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ಗಟ್ಟಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕೆಂಬ ವಿಧಿಯನ್ನು ಹಿರಿಯರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ತಂದ ಬಾವಿಗೇ ನಿಧಾನವಾಗಿ ಇಳಿಸಿ ಬಿಡುವ ಕ್ರಮವಿತ್ತು. ಎತ್ತಿಕೊಂಡ ಜೀವಗಳನ್ನು ಅವುಗಳ ನೆಲೆಗೇ ಮುಟ್ಟಿಸುವ ಈ ಕರುಣೆಯೇ ಜಲಗಾಲನ ವಿಧಿಯ ಪ್ರಾಣ.

ಇಂದು ಪೇಟೆಯ ಮನೆಗಳಲ್ಲಿ ಬಾವಿಗಳು ಮುಚ್ಚಿಹೋಗಿವೆ. ನಲ್ಲಿಯ ನೀರನ್ನು ಸೋಸಿದ ಮೇಲೆ ಬಟ್ಟೆಯ ಜೀವಗಳನ್ನು ಯಾವ ನೆಲೆಗೆ ಮುಟ್ಟಿಸಬೇಕು? ದೂರದ ಕೆರೆಯಿಂದ ಕೊಳವೆಯ ಮೂಲಕ ಬಂದ ನೀರನ್ನು ಅದೇ ಕೊಳವೆಯಲ್ಲಿ ಹಿಂದಿರುಗಿಸುವ ಉಪಾಯವಿಲ್ಲ. ವಿಧಿಯ ಅರ್ಧಭಾಗವು ಹೀಗೆ ಗೃಹಸ್ಥನ ಕೈತಪ್ಪಿ ಹೋಗಿದೆ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಹಿಂದಿರುಗಿಸುವ ಶಕ್ತಿಯು ಇಲ್ಲವಾದಾಗ ತೆಗೆದುಕೊಳ್ಳುವ ಪ್ರಮಾಣವನ್ನು ಕಡಿಮೆ ಮಾಡುವುದೊಂದೇ ಉಳಿದಿರುವ ದಾರಿ. ಬಾವಿಯಿಂದ ಸೇದುತ್ತಿದ್ದ ಕಾಲದಲ್ಲಿ ತೋಳಿನ ದಣಿವೇ ನೀರಿಗೆ ಒಂದು ಪರಿಮಾಣವನ್ನು ಹಾಕುತ್ತಿತ್ತು. ಬೆರಳೊಂದರಿಂದ ತಿರುಗಿಸಿದರೆ ನೀರು ಧುಮುಕುವ ಈ ಕಾಲದಲ್ಲಿ ಆ ಪರಿಮಾಣವನ್ನು ಮನಸ್ಸೇ ಹಾಕಿಕೊಳ್ಳಬೇಕು. ಭೋಗೋಪಭೋಗ ಪರಿಮಾಣ ವ್ರತವು ನಲ್ಲಿಯ ಮನೆಗಳಿಗೆ ಬಾವಿಯ ಮನೆಗಳಿಗಿಂತ ಹೆಚ್ಚು ಅಗತ್ಯವಾಗಿದೆಯೆಂಬುದು ಇದರ ತಾತ್ಪರ್ಯ.

ಇನ್ನೊಂದು ಸಂಗತಿಯನ್ನು ಗೃಹಿಣಿಯರು ಗಮನಿಸತಕ್ಕದ್ದು. ಅನೇಕ ಮನೆಗಳಲ್ಲಿ ನಲ್ಲಿಯ ಬಾಯಿಗೇ ಬಟ್ಟೆಯ ಚೀಲವನ್ನು ಕಟ್ಟಿರುತ್ತಾರೆ. ಉದ್ದೇಶವು ಒಳ್ಳೆಯದೇ. ಆದರೆ ಸದಾ ಒದ್ದೆಯಾಗಿರುವ ಆ ಬಟ್ಟೆಯು ನಲ್ಲಿಯ ಸೋರಿಕೆಯನ್ನು ಕಣ್ಣಿಗೆ ಕಾಣದಂತೆ ಮುಚ್ಚಿಬಿಡುತ್ತದೆ. ಹನಿಯು ಬಟ್ಟೆಯಲ್ಲಿ ಇಳಿದು ಸದ್ದಿಲ್ಲದೆ ಜಾರುತ್ತದೆ. ಬಟ್ಟೆಯನ್ನು ಬಿಚ್ಚಿ, ನಲ್ಲಿಯನ್ನು ನಿಲ್ಲಿಸಿ, ಬಾಯಿಯನ್ನು ಒರಸಿ ನೋಡಿದಲ್ಲದೆ ನಿಜಸ್ಥಿತಿ ತಿಳಿಯದು.

ಈ ನಾಡಿನ ನೀರು

ತುಮಕೂರು ನಗರ, ಗುಬ್ಬಿ, ಕುಣಿಗಲ್ ಈ ಮೂರು ಸ್ಥಳಗಳ ಶ್ರಾವಕರು ತಮ್ಮ ನೀರು ಎಲ್ಲಿಂದ ಬರುವುದೆಂದು ಒಮ್ಮೆ ಯೋಚಿಸಬೇಕು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೂ ಶಿಂಶೆಯು ದಕ್ಷಿಣಕ್ಕೂ ಹರಿದುಹೋಗುತ್ತವೆ. ಶಿಂಶೆಯು ಗುಬ್ಬಿ ತಾಲೂಕಿನಲ್ಲಿ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಈ ಕೆರೆಗಳ ಒಡಲು ಬಿರಿಯುವುದನ್ನು ಹಿರಿಯರು ಕಂಡಿದ್ದಾರೆ. ತುಮಕೂರು ನಗರದ ಕುಡಿಯುವ ನೀರಿಗೆ ಇಂದು ಮುಖ್ಯ ಆಧಾರ ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ೧೯೭೯ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹೊರಟ ನೀರು ಬಾಗೂರು ನವಿಲೆಯ ಸುರಂಗವನ್ನು ದಾಟಿ, ಕಾಲುವೆಯಲ್ಲಿ ಬಹುದೂರ ಹರಿದು ಬುಗುಡನಹಳ್ಳಿಯ ಕೆರೆಗೆ ಬಂದು ತಂಗುತ್ತದೆ. ಅಲ್ಲಿ ಶುದ್ಧಿಗೊಂಡು, ಯಂತ್ರಗಳಿಂದ ಮೇಲೇರಿ, ಮನೆಯ ಸಂಪಿಗೆ ಇಳಿದು, ಮತ್ತೊಮ್ಮೆ ಮೋಟಾರಿನಿಂದ ಮಾಳಿಗೆಗೆ ಏರುತ್ತದೆ. ಇಷ್ಟು ಆರಂಭ ಸಮಾರಂಭಗಳಿಂದ ಬಂದ ನೀರು ಬಚ್ಚಲಿನ ಮೋರಿಯಲ್ಲಿ ಬಳಕೆಯಿಲ್ಲದೆ ಜಾರಿದರೆ, ಅದರ ಹಿಂದಿನ ಅಷ್ಟೂ ಆರಂಭವು ಅನರ್ಥವೇ ಆಯಿತು.

ಈ ನೀರಿಗಾಗಿ ಜನರು ಬೀದಿಗಿಳಿದದ್ದೂ ಉಂಟು. ಹೇಮಾವತಿಯ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕಾಲುವೆಯ ವಿಷಯವಾಗಿ ೨೦೨೫ರಲ್ಲಿ ಗುಬ್ಬಿ ತಾಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ತಮ್ಮ ಪಾಲು ತಪ್ಪೀತೆಂದು ಗುಬ್ಬಿಯ ರೈತನು ಅಂಜಿದನು. ತನ್ನ ಪಾಲು ಇನ್ನೂ ಬಂದಿಲ್ಲವೆಂದು ಕುಣಿಗಲಿನ ರೈತನು ನೊಂದನು. ಆ ವಿವಾದದ ನ್ಯಾಯಾನ್ಯಾಯಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ. ನೆರೆಹೊರೆಯ ಎರಡು ತಾಲೂಕುಗಳು ಒಂದೇ ಕಾಲುವೆಯ ನೀರಿಗಾಗಿ ಮನಸ್ಸು ಕಹಿ ಮಾಡಿಕೊಳ್ಳುವ ನಾಡಿನಲ್ಲಿ, ಸೋರುವ ನಲ್ಲಿಯನ್ನು ಕಂಡೂ ಕಾಣದಂತೆ ಇರುವ ಶ್ರಾವಕನ ನಡತೆಗೆ ಏನೆನ್ನಬೇಕು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಈ ನೆಲಕ್ಕೂ ಜಿನಧರ್ಮಕ್ಕೂ ಇರುವ ಬಾಂಧವ್ಯ ನಿನ್ನೆ ಮೊನ್ನೆಯದಲ್ಲ. ಗುಬ್ಬಿ ತಾಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನವು ಶಕ ವರ್ಷ ೭೩೫ನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಗೋವಿಂದನು ಅರ್ಕಕೀರ್ತಿ ಮುನಿಗಳಿಗೆ ಜಿನೇಂದ್ರ ಭವನದ ಸಲುವಾಗಿ ಒಂದು ಗ್ರಾಮವನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಆ ಗ್ರಾಮದ ಹೆಸರು ಜಲಮಂಗಲ. ಅದೇ ಶಾಸನದಲ್ಲಿ ಬರುವ ಕುನುಂಗಿಲ್ ದೇಶವೇ ಇಂದಿನ ಕುಣಿಗಲ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗುಬ್ಬಿ ತಾಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿ ಇಂದಿಗೂ ಇದೆ. ತುಮಕೂರಿನ ಬಳಿಯ ಮಂದರಗಿರಿಯನ್ನು ಏರಿ ಬಸದಿಗಳ ದರ್ಶನ ಮಾಡಿದವರು ಅಲ್ಲಿಂದ ಮೈದಾಳದ ಕೆರೆಯನ್ನೂ ಕಂಡಿರುತ್ತಾರೆ. ಬೆಟ್ಟದ ಬುಡದಲ್ಲಿರುವ ಗುರುಮಂದಿರವು ಪಿಂಛಿಯ ಆಕಾರದಲ್ಲಿದೆ. ಪಿಂಛಿಯು ದಿಗಂಬರ ಮುನಿಗಳ ಸಂಯಮೋಪಕರಣ. ಅದರ ಜೊತೆಗಿರುವ ಶೌಚೋಪಕರಣ ಕಮಂಡಲು. ಕಮಂಡಲುವಿಗೆ ನೀರು ತುಂಬುವ ಬಾಯಿ ದೊಡ್ಡದು, ನೀರು ಹೊರಬರುವ ಕೊಕ್ಕು ಸಣ್ಣದು. ತುಂಬಿಕೊಳ್ಳುವಾಗ ಸಮೃದ್ಧಿಯಿರಲಿ, ವೆಚ್ಚ ಮಾಡುವಾಗ ಮಿತಿಯಿರಲಿ ಎಂಬ ಪಾಠವನ್ನು ಮಾತಿಲ್ಲದೆ ಕಲಿಸುವ ಪಾತ್ರೆ ಅದು. ಇಂದಿನ ಗೃಹಸ್ಥನ ಮನೆಯ ಟ್ಯಾಂಕು ಇದಕ್ಕೆ ತಿರುಗುಮುರುಗಾಗಿದೆ: ತುಂಬುವುದು ಒಂದೇ ಕೊಳವೆಯಿಂದ, ಸೋರುವುದು ಹತ್ತು ಕಡೆಗಳಿಂದ.

ಒಂದು ಮುಹೂರ್ತದ ಪರೀಕ್ಷೆ

ಸೋರಿಕೆಯನ್ನು ಅಳೆಯಲು ಶ್ರಾವಕನಿಗೆ ಹೊಸ ಅಳತೆಗೋಲು ಬೇಕಿಲ್ಲ. ಎರಡು ಗಳಿಗೆ, ಅಂದರೆ ೪೮ ನಿಮಿಷ, ಒಂದು ಮುಹೂರ್ತ. ಸೋಸಿದ ನೀರಿನ ಮರ್ಯಾದೆಯೂ ಅಷ್ಟೇ, ಸಾಮಾಯಿಕಕ್ಕೆ ಕೂರುವ ಕಾಲವೂ ಸಾಮಾನ್ಯವಾಗಿ ಅಷ್ಟೇ. ಹಗಲಿರುಳು ಸೇರಿದರೆ ಮೂವತ್ತು ಮುಹೂರ್ತಗಳು. ಸಾಮಾಯಿಕಕ್ಕೆ ಕೂರುವ ಮುನ್ನ ಸೋರುವ ನಲ್ಲಿಯ ಕೆಳಗೆ ಶುಭ್ರವಾದ ಒಂದು ಪಾತ್ರೆಯನ್ನಿಟ್ಟು, ಎದ್ದ ಮೇಲೆ ಅಳೆದು, ಬಂದದ್ದನ್ನು ಮೂವತ್ತರಿಂದ ಗುಣಿಸಿದರೆ ಒಂದು ದಿನದ ನಷ್ಟ ತಿಳಿಯುತ್ತದೆ. ಕಾಲು ಲೀಟರು ನಿಂತಿದ್ದರೆ ದಿನಕ್ಕೆ ಏಳೂವರೆ ಲೀಟರು. ಒಂದು ಲೀಟರು ನಿಂತಿದ್ದರೆ ದಿನಕ್ಕೆ ೩೦ ಲೀಟರು, ವರ್ಷಕ್ಕೆ ೧೦,೯೫೦ ಲೀಟರು.

ಗುಬ್ಬಿಯಂಥ ಊರಿನ ಒಂದು ಮನೆಯನ್ನು ಉದಾಹರಣೆಯಾಗಿ ಭಾವಿಸಬಹುದು. ಮನೆಯ ಹಿರಿಯಾಕೆಗೆ ಅಂದು ಚತುರ್ದಶಿಯ ಉಪವಾಸ. ಶಾಲೆಗೆ ಹೋಗುವ ಮೊಮ್ಮಗಳು ಬಚ್ಚಲಿನಿಂದ ಬಂದು, “ಅಜ್ಜಿ, ನೀವು ಇವತ್ತು ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಆದರೆ ನಮ್ಮ ನಲ್ಲಿ ಕುಡಿಯುತ್ತಲೇ ಇದೆಯಲ್ಲ?” ಎಂದು ಕೇಳುತ್ತಾಳೆ. ಅಜ್ಜಿಗೆ ಉತ್ತರ ಹೊಳೆಯುವುದಿಲ್ಲ. ಆ ಸಂಜೆ ಸಾಮಾಯಿಕಕ್ಕೆ ಕೂರುವ ಮೊದಲು ಆಕೆ ನಲ್ಲಿಯ ಕೆಳಗೆ ಪಾತ್ರೆಯಿರಿಸುತ್ತಾಳೆ. ಎದ್ದು ನೋಡಿದಾಗ ಎರಡು ಲೀಟರು ನಿಂತಿದೆ. ಮೊಮ್ಮಗಳು ಬೆರಳು ಮಡಿಸಿ ಅರುವತ್ತು ಎನ್ನುತ್ತಾಳೆ. ಹಳ್ಳಿಯ ಪ್ರತಿಯೊಬ್ಬನಿಗೂ ದಿನಕ್ಕೆ ೫೫ ಲೀಟರು ನೀರು ಒದಗಿಸಬೇಕೆಂಬುದು ೨೦೧೯ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯ ಗುರಿ. ಒಬ್ಬ ಮನುಷ್ಯನ ದಿನದ ಪಾಲಿಗೂ ಮಿಗಿಲಾದ ನೀರನ್ನು ಆ ಒಂದು ನಲ್ಲಿಯು ನುಂಗುತ್ತಿತ್ತು. ಉಪವಾಸದ ಫಲವು ನೀರಿನ ಉಳಿತಾಯವಲ್ಲ, ಕರ್ಮನಿರ್ಜರೆ ಎಂಬುದನ್ನು ಅಜ್ಜಿ ಬಲ್ಲಳು. ಆದರೆ ನಿರ್ಜರೆಗಾಗಿ ಕುಳಿತ ಹೊತ್ತಿನಲ್ಲಿಯೇ ಪಕ್ಕದಲ್ಲಿ ಪ್ರಮಾದವು ಹರಿಯುತ್ತಿದ್ದುದನ್ನು ಆಕೆ ಅಂದು ಅಳೆದು ತಿಳಿದಳು. ಮರುದಿನ ಪಾರಣೆಯ ಸಿದ್ಧತೆಯ ಜೊತೆಗೆ ನಲ್ಲಿಯ ಕೆಲಸದವನಿಗೂ ಹೇಳಿಕಳುಹಿಸಿದಳು.

ಕಣ್ಣಿಗೆ ಕಾಣುವ ಹನಿಗೆ ಇದು ಸಾಕು. ಕಾಣದ ಸೋರಿಕೆಗೆ ರಾತ್ರಿಯೇ ಪರೀಕ್ಷೆಯ ಕಾಲ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸೂರ್ಯಾಸ್ತದೊಡನೆ ಅಡಿಗೆಮನೆಯ ನೀರಿನ ಕೆಲಸ ಮುಗಿದಿರುವುದರಿಂದ ಇತರರಿಗಿಲ್ಲದ ಅನುಕೂಲ ಜೈನರಿಗಿದೆ. ಮಲಗುವ ಮುನ್ನ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಟ್ಯಾಂಕಿನೊಳಗೆ ಒಂದು ಕೋಲನ್ನು ಇಳಿಸಿ ನೀರಿನ ಮಟ್ಟವನ್ನು ಗುರುತು ಮಾಡಬೇಕು. ಟ್ಯಾಂಕಿಗೆ ಹೊಸ ನೀರು ಬೀಳದಂತೆ ನೋಡಿಕೊಳ್ಳಬೇಕು. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಅಳೆಯಬೇಕು. ಉದ್ದಗಲ ಒಂದೊಂದು ಮೀಟರಿರುವ ಟ್ಯಾಂಕಿನಲ್ಲಿ ಮಟ್ಟವು ಒಂದು ಸೆಂಟಿಮೀಟರು ಇಳಿದಿದ್ದರೆ ೧೦ ಲೀಟರು ಹೋಯಿತೆಂದು ತಿಳಿಯಬೇಕು. ಮರುರಾತ್ರಿ ಟ್ಯಾಂಕಿನಿಂದ ಮನೆಗೆ ಇಳಿಯುವ ಕೊಳವೆಯ ಗೇಟ್ ವಾಲ್ವನ್ನು ಮುಚ್ಚಿ ಇದೇ ಪರೀಕ್ಷೆಯನ್ನು ಮಾಡಬೇಕು. ವಾಲ್ವು ಮುಚ್ಚಿದಾಗಲೂ ಮಟ್ಟ ಇಳಿದರೆ ಬಿರುಕು ಟ್ಯಾಂಕಿನಲ್ಲಿದೆ. ತೆರೆದಾಗ ಮಾತ್ರ ಇಳಿದರೆ ದೋಷವು ಕೊಳವೆಯಲ್ಲೋ ನಲ್ಲಿಗಳಲ್ಲೋ ಇದೆ. ನೆಲದೊಳಗಿನ ಸಂಪನ್ನೂ ಇದೇ ರೀತಿಯಲ್ಲಿ ನೋಡಬಹುದು. ಮೀಟರಿರುವ ಮನೆಯವರು ರಾತ್ರಿಯ ಅಂಕಿಯನ್ನೂ ಬೆಳಗಿನ ಅಂಕಿಯನ್ನೂ ಹೋಲಿಸಬೇಕು. ಸಂಪಿಗೂ ಟ್ಯಾಂಕಿಗೂ ನೀರು ಬೀಳುವುದನ್ನು ನಿಲ್ಲಿಸಿದ್ದರೂ ಮೀಟರಿನ ಮುಳ್ಳು ತಿರುಗುತ್ತಿದ್ದರೆ ಬೀದಿಯಿಂದ ಮನೆಗೆ ಬರುವ ಕೊಳವೆಯೇ ಸೋರುತ್ತಿದೆಯೆಂದು ಅರ್ಥ.

ಟ್ಯಾಂಕು ಹೊರಚೆಲ್ಲುವುದಕ್ಕೆ ಬಹುಮಟ್ಟಿಗೆ ತೇಲುಗುಂಡಿನ ವಾಲ್ವು ಕಾರಣ. ಗುಂಡಿನೊಳಗೆ ನೀರು ಹೊಕ್ಕರೆ ಅದು ತೇಲದೆ ಮುಳುಗುತ್ತದೆ, ವಾಲ್ವು ಮುಚ್ಚುವುದಿಲ್ಲ. ಹೆಚ್ಚುವರಿ ನೀರಿನ ಕೊಳವೆಯನ್ನು ಯಾರೂ ನೋಡದ ಹಿತ್ತಿಲಿಗೆ ಬಿಡುವುದಕ್ಕಿಂತ ಎಲ್ಲರ ಕಣ್ಣಿಗೂ ಬೀಳುವ ಮುಂಭಾಗಕ್ಕೆ ಬಿಡುವುದು ಲೇಸು. ದೋಷವು ಕಂಡಷ್ಟು ಬೇಗ ಪ್ರತಿಕ್ರಮಣ. ಪಾಯಿಖಾನೆಯ ಫ್ಲಶ್ ಟ್ಯಾಂಕು ಸದ್ದಿಲ್ಲದ ಕಳ್ಳ. ಅದರ ನೀರಿಗೆ ಸ್ವಲ್ಪ ಅರಿಶಿನವನ್ನು ಕದಡಿ, ಅರ್ಧ ಗಂಟೆ ಬಳಸದೆ ಬಿಟ್ಟರೆ, ಒಳಗಿನ ರಬ್ಬರು ಸವೆದಿದ್ದಲ್ಲಿ ಕೆಳಗಿನ ಬೇಸಿನ್ನಿನಲ್ಲಿ ಹಳದಿ ಬಣ್ಣ ಕಾಣಿಸಿಕೊಳ್ಳುತ್ತದೆ. ಸುಣ್ಣ ಉದುರುವ ಗೋಡೆ, ಒಂದೇ ಜಾಗದಲ್ಲಿ ಒಣಗದ ಕಲೆ, ಬೇಸಿಗೆಯಲ್ಲೂ ಹಸಿರಾಗಿರುವ ಮೂಲೆ ಇವೆಲ್ಲವೂ ಒಳಗಿನ ಕೊಳವೆಯ ಸುದ್ದಿಯನ್ನು ಹೊರಗೆ ಹೇಳುತ್ತವೆ. ತಿರುಗಿಸುವ ಹಳೆಯ ನಲ್ಲಿ ತೊಟ್ಟಿಕ್ಕಿದರೆ ವಾಷರು ಸವೆದಿರುತ್ತದೆ. ಬಲವಾಗಿ ತಿರುಚಿ ಬಿಗಿದರೆ ಅದು ಇನ್ನಷ್ಟು ಹಾಳಾಗುವುದೇ ಹೊರತು ಸೋರಿಕೆ ನಿಲ್ಲದು.

ರಿಪೇರಿಯನ್ನೂ ಯತ್ನಾಚಾರದಿಂದ ಮಾಡಿಸಬೇಕು. ಮೊದಲು ನೀರನ್ನು ನಿಲ್ಲಿಸಿ ಜಾಗವನ್ನು ಒಣಗಲು ಬಿಟ್ಟರೆ ಬಹಳಷ್ಟು ಜೀವಗಳು ತಾವಾಗಿ ಸರಿದುಹೋಗುತ್ತವೆ. ಉಳಿದವನ್ನು ಮೃದುವಾದ ಪೊರಕೆಯಿಂದ ನೆರಳಿರುವ ಹಸಿ ಮಣ್ಣಿಗೆ ಸರಿಸಿ ಅನಂತರ ಕೆಲಸ ಆರಂಭಿಸುವುದು ಉಚಿತ.

ನೆಪಗಳ ವಿಚಾರ

ಸೋರಿದ ನೀರು ಭೂಮಿಗೇ ಸೇರುವುದಲ್ಲವೆ, ನಷ್ಟವೇನು ಎಂಬುದು ಒಂದು ನೆಪ. ಸೇರುವುದು ಮೋರಿಗೆ, ಇಲ್ಲವೆ ಗೋಡೆಯ ತಳಕ್ಕೆ, ಬುಗುಡನಹಳ್ಳಿಗೆ ಹಿಂದಿರುಗುವುದಿಲ್ಲ. ಸಾಬೂನಿನ ನೀರಿನೊಡನೆ ಬೆರೆತ ಮೇಲೆ ಅದರಲ್ಲಿದ್ದ ಜೀವಗಳ ಗತಿಯೇನೆಂಬುದನ್ನು ಹೇಳಬೇಕಾದ್ದಿಲ್ಲ.

ಬಾಡಿಗೆಯ ಮನೆಯ ನೆಪ ಇನ್ನೊಂದು. ರಿಪೇರಿ ಯಜಮಾನನ ಹೊಣೆಯೆಂದು ಬಾಡಿಗೆದಾರನು ಹೇಳುತ್ತಾನೆ. ಬಳಸುವವನೇ ನೋಡಿಕೊಳ್ಳಲಿ ಎಂದು ಯಜಮಾನನು ಹೇಳುತ್ತಾನೆ. ಇಬ್ಬರ ಮಾತೂ ಮುಗಿಯುವುದಿಲ್ಲ, ನಲ್ಲಿಯೂ ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುವುದೆಂದು ಅರಿತವನು ಇಂಥ ವಾದದಲ್ಲಿ ಗೆದ್ದರೂ ಸೋತಂತೆಯೇ. ಮೊದಲು ಸರಿಪಡಿಸಿ, ಆಮೇಲೆ ಲೆಕ್ಕ ತೀರಿಸಿಕೊಳ್ಳುವುದು ಧರ್ಮಜ್ಞನ ಕ್ರಮ. ಬಸದಿಯ ಆವರಣದ ನಲ್ಲಿಗೂ ಈ ಮಾತು ಅನ್ವಯಿಸುತ್ತದೆ. ಎಲ್ಲರದೂ ಆದದ್ದು ಯಾರದೂ ಅಲ್ಲದಂತಾಗಿ, ಅಭಿಷೇಕಕ್ಕೆ ನೀರು ತರುವ ಸ್ಥಳದಲ್ಲಿಯೇ ನೀರು ಅನಾಥವಾಗಿ ಹರಿಯುವುದು ಶೋಭೆಯಲ್ಲ.

ತಿಳಿಯದೆ ನಡೆದುದಕ್ಕೆ ಪಾಪವೆಲ್ಲಿ ಎಂಬುದು ಮೂರನೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡುವಾಗ ನ್ಯಾಯದೃಷ್ಟಿ ಬೇಕು. ಪ್ರಮತ್ತ ಯೋಗದಿಂದ ಪ್ರಾಣಗಳ ವಿಯೋಗವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಆದ್ದರಿಂದ ಎಚ್ಚರದಿಂದ ನೋಡಿಕೊಳ್ಳುತ್ತಿದ್ದವನ ಮನೆಯಲ್ಲಿ, ಗೋಡೆಯೊಳಗಿನ ಕೊಳವೆಯು ಅವನಿಗೆ ಗೊತ್ತಾಗದೆ ಒಡೆದರೆ ಅವನು ಪ್ರಮತ್ತನಲ್ಲ. ಆದರೆ ಕಂಡ ಮೇಲೆ “ನಾಳೆ ನೋಡೋಣ” ಎಂದವನು ಆ ಕ್ಷಣದಿಂದ ಪ್ರಮತ್ತನು. ನೋಡಬೇಕಾದ್ದನ್ನು ನೋಡುವ ಅಭ್ಯಾಸವನ್ನೇ ಇಟ್ಟುಕೊಳ್ಳದವನು ಕಾಣುವುದಕ್ಕೆ ಮೊದಲೇ ಪ್ರಮತ್ತನು. ಪ್ರೋಷಧೋಪವಾಸದ ಅತಿಚಾರಗಳನ್ನು ಎಣಿಸುವಾಗ, ನೋಡದೆ ಶುದ್ಧಿಗೊಳಿಸದೆ ವಿಸರ್ಜಿಸುವುದು, ನೋಡದೆ ತೆಗೆದುಕೊಳ್ಳುವುದು, ನೋಡದೆ ಹಾಸುವುದು, ಅನಾದರ, ಮರೆವು ಎಂದು ಉಮಾಸ್ವಾಮಿಗಳು ಐದನ್ನು ಹೇಳಿದ್ದಾರೆ. ಇವುಗಳಲ್ಲಿ ಯಾವುದೂ ಹಸಿವೆಗೆ ಸಂಬಂಧಿಸಿದ್ದಲ್ಲ. ಅನ್ನವನ್ನು ಬಿಟ್ಟವನು ಕಣ್ಣನ್ನು ತೆರೆದಿಡದಿದ್ದರೆ ಅವನ ಉಪವಾಸಕ್ಕೆ ಬಿರುಕು ಬೀಳುವುದೆಂದು ಇದರಿಂದ ತಿಳಿಯತಕ್ಕದ್ದು.

ನಾಲ್ಕು ತಿಂಗಳ ನಿಯಮ

ಜೀವಮಾನವಿಡೀ ಪಾಲಿಸುವುದು ಯಮ, ಕಾಲವನ್ನು ಗೊತ್ತುಮಾಡಿ ಪಾಲಿಸುವುದು ನಿಯಮ. ಮುಂಬರುವ ಚಾತುರ್ಮಾಸಕ್ಕೆ ಪ್ರತಿ ಮನೆಯಲ್ಲಿಯೂ ನೀರಿನ ಬಗ್ಗೆ ಒಂದು ನಿಯಮವನ್ನು ಕೈಕೊಳ್ಳಬಹುದು. ತಿಂಗಳಲ್ಲಿ ಬರುವ ಎರಡು ಚತುರ್ದಶಿಗಳಂದು ಮನೆಯ ಪ್ರತಿಯೊಂದು ನಲ್ಲಿ, ಟ್ಯಾಂಕು, ಸಂಪುಗಳನ್ನು ಒಮ್ಮೆ ನೋಡುವುದು. ಕಂಡ ಸೋರಿಕೆಯನ್ನು ಮುಂದಿನ ಪರ್ವದಿನ ಬರುವುದರ ಒಳಗೆ ಸರಿಪಡಿಸುವುದು. ಅಲ್ಲಿಯವರೆಗೆ ಕೆಳಗೆ ಪಾತ್ರೆಯಿಟ್ಟು ಆ ನೀರನ್ನು ಸೋಸಿ ಬಳಸುವುದು. ಬಕೆಟ್ಟಿನ ಲೆಕ್ಕದಲ್ಲಿ ಸ್ನಾನ, ತಂಬಿಗೆಯ ಲೆಕ್ಕದಲ್ಲಿ ಮುಖಮಾರ್ಜನ, ಪಾತ್ರೆಯಲ್ಲಿ ನೀರು ಹಿಡಿದು ತರಕಾರಿ ತೊಳೆಯುವುದು. ಸೋಸಿದ ನೀರಿಗೆ ಎರಡು ಗಳಿಗೆಯ ಮರ್ಯಾದೆ ಇರುವುದರಿಂದ ಒಮ್ಮೆಗೆ ಬೇಕಾದಷ್ಟನ್ನೇ ಸೋಸುವುದು. ಕುಡಿಯುವ ನೀರಿಗೆ ಆರ್.ಓ. ಯಂತ್ರವನ್ನು ಇಟ್ಟಿರುವವರು ಅದು ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರಸಲು ಬಳಸುವುದು. ಮಕ್ಕಳಿಗೆ ಈ ಪರೀಕ್ಷೆಯ ಕೆಲಸವನ್ನು ಒಪ್ಪಿಸುವುದು ಒಳ್ಳೆಯದು. ಮೂವತ್ತರ ಮಗ್ಗಿಯ ಜೊತೆಗೆ ಮುಹೂರ್ತದ ಅರ್ಥವನ್ನೂ ಅವರು ಕಲಿತಾರು.

ಕೊನೆಯದಾಗಿ ಒಂದು ತತ್ತ್ವವಿಚಾರ. ಆಸ್ರವ ಎಂಬ ಮಾತನ್ನು ವಿವರಿಸುವಾಗ ಶ್ರೀ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸರೋವರಕ್ಕೆ ನೀರು ಬರುವ ಬಾಗಿಲಿನ ಹೋಲಿಕೆಯನ್ನು ಕೊಟ್ಟಿದ್ದಾರೆ. ಬಾಗಿಲು ತೆರೆದಿದ್ದರೆ ನೀರು ಒಳಬರುವಂತೆ, ಮನೋವಚನಕಾಯಗಳ ಯೋಗದಿಂದ ಕರ್ಮವು ಆತ್ಮನನ್ನು ಸೇರುತ್ತದೆ. ಆ ಬಾಗಿಲನ್ನು ಮುಚ್ಚುವುದೇ ಸಂವರ. ನೀರಿನ ಕೊಳವೆಯ ಕೆಲಸ ಬಲ್ಲವರಿಗೆ ಒಂದು ಸಂಗತಿ ಗೊತ್ತಿದೆ. ನೀರು ರಭಸದಿಂದ ಬರುವಾಗ ಯಾವ ಬಿರುಕಿನಿಂದ ಹೊರಗೆ ಸೋರುತ್ತದೆಯೋ, ನೀರು ನಿಂತು ಒತ್ತಡ ತಗ್ಗಿದಾಗ ಅದೇ ಬಿರುಕಿನಿಂದ ಸುತ್ತಲಿನ ಕೊಳೆನೀರು ಒಳಗೆ ನುಗ್ಗಬಲ್ಲದು. ಪ್ರಮಾದವೂ ಹಾಗೆಯೇ. ಹೊರಗೆ ಹೋಗುವುದು ಒಂದು ಹನಿ ನೀರೆಂದು ಗೃಹಸ್ಥನು ಉದಾಸೀನನಾಗಿರುತ್ತಾನೆ. ಅದೇ ರಂಧ್ರದಿಂದ ಒಳಗೆ ಬರುತ್ತಿರುವುದು ಏನೆಂದು ಅವನು ನೋಡುವುದಿಲ್ಲ. ಒಂದು ಬಿರುಕನ್ನು ಕಂಡು, ಅಳೆದು, ಮುಚ್ಚುವ ಅಭ್ಯಾಸವು ಮನೆಯಲ್ಲಿ ಬೆಳೆದರೆ ಅದೇ ಅಭ್ಯಾಸವು ಅಂತರಂಗದಲ್ಲಿಯೂ ಕೆಲಸಕ್ಕೆ ಬರುತ್ತದೆ. ಉಪವಾಸದ ದಿನ ವ್ರತಿಯ ಮನೆಯಲ್ಲಿ ಅಡಿಗೆಯ ಒಲೆಯೊಡನೆ ಸೋರುವ ನಲ್ಲಿಯೂ ಶಾಂತವಾಗಿರಲಿ.

ಭದ್ರಂ ಭೂಯಾತ್.